ಎಂಟನೇ ತರಗತಿಯ ಬಾಗಿಲಿಗೊಮ್ಮೆ ಬನ್ನಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಯಾದಗಿರಿ ಜಿಲ್ಲೆಯ ಒಂದು ಸಣ್ಣ ಪಟ್ಟಣದಿಂದ ನಮಸ್ಕಾರಗಳು.

ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ನಾನು ಓದಿದ್ದು ಅದೇ ಶಾಲೆಯಲ್ಲಿ. ನನ್ನ ಮಗಳು ಈಗ ಅಲ್ಲಿಯೇ ಒಂಬತ್ತನೇ ತರಗತಿಯಲ್ಲಿದ್ದಾಳೆ. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ವಿಶೇಷ ತರಗತಿ ಬಿಡುವವರೆಗೆ ಆ ಗೇಟಿನೊಳಗೆ ಹೋಗುವವರು ಯಾರು, ಹೊರಗೆ ಬರುವವರು ಯಾರು, ಬರದೇ ಇರುವವರು ಯಾರು ಎಂಬುದು ಹದಿನೇಳು ವರ್ಷಗಳಿಂದ ನನ್ನ ಕಣ್ಣ ಮುಂದೆ ಇದೆ. ಆ ಅಧಿಕಾರದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಮ್ಮೂರಿನ ಮಕ್ಕಳು ನೇರವಾಗಿ ನನ್ನ ಅಂಗಡಿಗೆ ಬರುತ್ತಾರೆ. 2025ರ ಮೇ 2ರಂದೂ ಬಂದರು. ನೆತ್ತಿ ಸುಡುವ ಬಿಸಿಲು. ಅಂಗಡಿಯ ಮುಂದಿನ ತಗಡಿನ ನೆರಳಿನಲ್ಲಿ ನಲವತ್ತು ಮಕ್ಕಳು ಒತ್ತೊತ್ತಾಗಿ ನಿಂತಿದ್ದರು. ಅಂಗೈ ಮೇಲೆ ಪೆನ್ನಿನಿಂದ ನೋಂದಣಿ ಸಂಖ್ಯೆ ಬರೆದುಕೊಂಡವರೇ ಹೆಚ್ಚು; ಬೆವರಿಗೆ ಅಂಕಿಗಳು ಅಳಿಸಿಹೋಗಿ ಒಬ್ಬರನ್ನೊಬ್ಬರು ಕೇಳಿಕೊಂಡು ಹೇಳುತ್ತಿದ್ದರು. ಮಧ್ಯಾಹ್ನ ಜಾಲತಾಣ ತೆರೆದುಕೊಂಡಿತು. ಮೂರನೆಯವಳೋ ನಾಲ್ಕನೆಯವಳೋ ಆಗಿ ಹತ್ತಿರದ ತಾಂಡಾದ ಹುಡುಗಿಯೊಬ್ಬಳು ಮುಂದೆ ಬಂದಳು. ಮನೆಯಲ್ಲಿ ಲಂಬಾಣಿ ಮಾತನಾಡುವ ಮಗು. ಕನ್ನಡದಲ್ಲಿ 125ಕ್ಕೆ 96 ಬಂದಿತ್ತು. ಸಮಾಜ ವಿಜ್ಞಾನದಲ್ಲಿ 71. ಗಣಿತದ ಸಾಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಆಂತರಿಕ ಮೌಲ್ಯಮಾಪನ 20ಕ್ಕೆ 19, ಲಿಖಿತ ಪರೀಕ್ಷೆ 80ಕ್ಕೆ 9. "ಕಾಕಾ, ಪ್ರಿಂಟ್ ತೆಗೆಯಬೇಡಿ" ಎಂದು ಹೇಳಿ, ಮುಷ್ಟಿಯಲ್ಲಿ ಮುದ್ದೆಯಾಗಿದ್ದ ಹತ್ತರ ನೋಟನ್ನು ಹಾಗೆಯೇ ಹಿಡಿದುಕೊಂಡು ಹೊರಟುಹೋದಳು.

ಅವಳು ಹೋದ ಮೇಲೂ ಆ ಎರಡು ಅಂಕಿಗಳು ನನ್ನ ಕಣ್ಣಿನಿಂದ ಹೋಗಲಿಲ್ಲ. ಒಂದೇ ಮಗು, ಒಂದೇ ವಿಷಯ, ಒಂದೇ ವರ್ಷ. ಶಾಲೆ ಕೊಟ್ಟದ್ದು 19, ಪರೀಕ್ಷೆ ಕೊಟ್ಟದ್ದು 9. ಆಕೆಗೆ ಗಣಿತ ಬರುತ್ತದೆ ಎಂದು ಹತ್ತು ತಿಂಗಳು ನಾವು ಕಾಗದದ ಮೇಲೆ ಬರೆಯುತ್ತಾ ಬಂದೆವು, ಮೂರು ಗಂಟೆಯ ಪರೀಕ್ಷೆ ಬರುವುದಿಲ್ಲ ಎಂದಿತು. ನಡುವೆ ನಿಂತ ಹುಡುಗಿಗೆ ಯಾರೂ ಮುಖ ಕೊಟ್ಟು ಸತ್ಯ ಹೇಳಿರಲಿಲ್ಲ.

ಸಚಿವರೇ, 2025ರ ಅಕ್ಟೋಬರ್‌ನಲ್ಲಿ ತಾವು ಹೊಸ ನಿಯಮ ಪ್ರಕಟಿಸಿದಿರಿ. 625ಕ್ಕೆ 206 ಬಂದು, ಪ್ರತಿ ವಿಷಯದಲ್ಲಿ ಆಂತರಿಕ ಮತ್ತು ಲಿಖಿತ ಎರಡೂ ಸೇರಿ ಕನಿಷ್ಠ 30 ಇದ್ದರೆ ಉತ್ತೀರ್ಣ. ಸುದ್ದಿ ಓದಿದ ದಿನ ನಾನು ಆ ಹುಡುಗಿಯ ಲೆಕ್ಕ ಹಾಕಿ ನೋಡಿದೆ. 19 ಈಗಾಗಲೇ ಇದೆ, ಇನ್ನು 11 ಬಂದರೆ ಸಾಕು. 80 ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ 11. ಮೇ ತಿಂಗಳಲ್ಲಿ ಅವಳಿಗೆ ಕಡಿಮೆ ಬಿದ್ದದ್ದು ಹೊಸ ನಿಯಮದ ಪ್ರಕಾರ ಎರಡೇ ಎರಡು ಅಂಕ. ನವೆಂಬರ್‌ನಲ್ಲಿ ಮತ್ತೆ ಪರೀಕ್ಷೆಗೆ ಅರ್ಜಿ ತುಂಬಲು ಬಂದವಳ ಮುಖದಲ್ಲಿ ನಗು ಇತ್ತು, ಆ ನಗುವನ್ನು ನಾನು ಹಳಿಯುವುದಿಲ್ಲ. ಅವಳು ಪಾಸಾಗಬೇಕು, ಪಿಯುಸಿಗೆ ಹೋಗಬೇಕು. ಅನುತ್ತೀರ್ಣ ಎಂಬ ಒಂದು ಪದಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳ ಮದುವೆ ನಿಶ್ಚಯವಾಗಿಬಿಡುತ್ತದೆ ಎಂಬುದು ನನಗೆ ಗೊತ್ತಿದೆ. ಮಾರ್ಚ್‌ನಿಂದ ಜುಲೈವರೆಗೆ ಮೂರು ಪರೀಕ್ಷೆಗಳ ಅವಕಾಶ ಕೊಟ್ಟದ್ದಕ್ಕೂ ನಾನು ಮನಸ್ಸು ತುಂಬಿ ವಂದಿಸುತ್ತೇನೆ. ಆದರೆ ಪಾಸಾದ ಮೇಲೂ ಆ ಮಗುವಿಗೆ ಶೇಕಡಾ ಲೆಕ್ಕ ಬರುವುದಿಲ್ಲ. ಸಂಘದ ಸಾಲಕ್ಕೆ ಬಡ್ಡಿ ಎಷ್ಟಾಯಿತು ಎಂದು ಅವಳ ಅವ್ವ ಕೇಳಿದರೆ ಉತ್ತರ ಹೇಳಲಾರಳು. ಮಿತಿ ಇಳಿಸಿದ್ದರಿಂದ ಈ ಕೊರತೆ ತುಂಬುವುದಿಲ್ಲ, ಯಾರ ಕಣ್ಣಿಗೂ ಬೀಳದೆ ಮುಂದಕ್ಕೆ ಸಾಗುತ್ತದೆ.

ಕಣ್ಣಿಗೆ ಬೀಳದೆ ಸಾಗುವುದು ಏನೆಂದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಪರೀಕ್ಷೆಯ ದಿನಗಳಲ್ಲಿ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ ಇರುತ್ತದೆ, ನನ್ನಂಥವರು ಅಂಗಡಿ ಮುಚ್ಚಬೇಕು. ಮುಚ್ಚುತ್ತೇನೆ. ಆದರೆ ಮುಚ್ಚುವ ಹಿಂದಿನ ರಾತ್ರಿಗಳಲ್ಲಿ ಉತ್ತರಗಳನ್ನು ಬೆರಳಗಲಕ್ಕೆ ಕಿರಿದು ಮಾಡಿಕೊಡಿ ಎಂದು ಕೇಳುತ್ತಾ ಬಂದವರನ್ನು ವರ್ಷವರ್ಷವೂ ವಾಪಸು ಕಳಿಸಿದ್ದೇನೆ. ಅವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ, ಬಂತು. ಆಮೇಲೆ ಆ ಕೆಲಸಕ್ಕೆ ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಶೇ 20ರವರೆಗೆ ಕೃಪಾಂಕ ಕೊಟ್ಟ ಮೇಲೂ 2024ರಲ್ಲಿ 73.40ಕ್ಕೆ ಬಂತು. ಆ ವರ್ಷ ನಮ್ಮ ಯಾದಗಿರಿ 50.59 ಪಡೆದು ರಾಜ್ಯದ ಕೊನೆಯ ಸ್ಥಾನದಲ್ಲಿ ನಿಂತಿತು. 2025ರ ಮೊದಲ ಪರೀಕ್ಷೆಯಲ್ಲಿ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಶಾಲೆಗಳಿಂದ ಕುಳಿತ ಮಕ್ಕಳಲ್ಲಿ ಶೇ 66.14 ಮಂದಿ ಉತ್ತೀರ್ಣರಾದರು. ಫಲಿತಾಂಶ ಕುಸಿಯಿತು ಎಂದು ಪತ್ರಿಕೆಗಳು ಬರೆದವು. ನನಗೆ ಹಾಗೆ ಅನ್ನಿಸಲಿಲ್ಲ. ಒಳಗೆ ಗೆದ್ದಲು ಹಿಡಿದ ಬಾಗಿಲಿನ ಮೇಲಿನ ಬಣ್ಣ ಉದುರಿತು, ಅಷ್ಟೇ. ಕ್ಯಾಮೆರಾ ತಂದದ್ದು ಒಳ್ಳೆಯ ಕೆಲಸ. ಯಾರು ಎಷ್ಟೇ ಒತ್ತಡ ತಂದರೂ ಅದನ್ನು ತೆಗೆಯಬೇಡಿ.

ಈ ಪತ್ರ ಬರೆಯುತ್ತಿರುವುದು ಜನವರಿಯಲ್ಲಿ. ಈಗ ನಮ್ಮ ಶಾಲೆಯಲ್ಲಿ ಯುದ್ಧಕಾಲ. ಬೆಳಿಗ್ಗೆ ಎಂಟೂವರೆಗೆ ವಿಶೇಷ ತರಗತಿ, ಸಂಜೆ ಮತ್ತೊಂದು, ಅದರ ಮೇಲೆ ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ. ಹತ್ತನೆಯ ತರಗತಿಯ ಮಕ್ಕಳನ್ನು ಶಿಕ್ಷಕರು ಐದೈದು ಜನರಂತೆ ದತ್ತು ತೆಗೆದುಕೊಂಡಿದ್ದಾರೆ. ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುತ್ತಾರೆ, ಮನೆಗಳಿಗೆ ಹೋಗಿ ಬರುತ್ತಾರೆ. ಈ ಶಿಕ್ಷಕರ ದುಡಿಮೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ನಾನು ಸಹಿಸುವುದಿಲ್ಲ. ನನ್ನ ಯಂತ್ರವೂ ಈಗ ಬಿಡುವಿಲ್ಲದೆ ಓಡುತ್ತದೆ, ಯಾಕೆಂದರೆ "ಪಾಸಿಂಗ್ ಪ್ಯಾಕೇಜ್" ಬಂದಿದೆ. ಖಂಡಿತ ಬರುವ ಪ್ರಶ್ನೆಗಳು, ಅವುಗಳ ಸಿದ್ಧ ಉತ್ತರಗಳು, ಎರಡು ಪ್ರಮೇಯ, ಒಂದು ನಕ್ಷೆ, ಒಂದು ಪತ್ರಲೇಖನ. ಇಷ್ಟನ್ನು ಬಾಯಿಪಾಠ ಮಾಡಿದರೆ ದಡ ಸೇರಬಹುದು.

ಕಳೆದ ವಾರ ಜೆರಾಕ್ಸಿಗೆ ಕಾಯುತ್ತಾ ಕುಳಿತಿದ್ದ ಹುಡುಗಿಯೊಬ್ಬಳು ಥೇಲ್ಸ್ ಪ್ರಮೇಯವನ್ನು ರಟ್ಟಿನ ಮೇಲೆ ಬರೆದು ಅಭ್ಯಾಸ ಮಾಡುತ್ತಿದ್ದಳು. ತ್ರಿಭುಜ ಎಬಿಸಿ, ಬಿಸಿಗೆ ಸಮಾಂತರವಾಗಿ ಡಿಇ. ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲವೂ ಮುತ್ತು ಪೋಣಿಸಿದ ಹಾಗೆ. ಒಂದು ಅಕ್ಷರ ತಪ್ಪಿರಲಿಲ್ಲ. ನನಗೆ ಸಂತೋಷವಾಯಿತು. ರಟ್ಟನ್ನು ತಿರುಗಿಸಿ ಇನ್ನೊಂದು ತ್ರಿಭುಜ ಎಳೆದು, ಮೂಲೆಗಳಿಗೆ ಪಿ, ಕ್ಯೂ, ಆರ್ ಎಂದು ಬರೆದು, ಕ್ಯೂಆರ್‌ಗೆ ಸಮಾಂತರವಾಗಿ ಒಂದು ಗೆರೆ ಎಳೆದು, ಇದಕ್ಕೂ ಸಾಧಿಸು ನೋಡೋಣ ಎಂದೆ. ಅವಳು ಬಹಳ ಹೊತ್ತು ನೋಡಿದಳು. ಪೆನ್ನು ಹಾಳೆಯ ಮೇಲೆ ಇಟ್ಟಳು, ತೆಗೆದಳು. "ಇದು ಪ್ಯಾಕೇಜಿನಲ್ಲಿ ಇಲ್ಲ ಕಾಕಾ" ಎಂದಳು. ಸಚಿವರೇ, ಆ ಮಗು ದಡ್ಡಿಯಲ್ಲ. ಅಷ್ಟು ಸಾಲುಗಳನ್ನು ಅರ್ಥವೇ ತಿಳಿಯದೆ ನೆನಪಿಟ್ಟುಕೊಳ್ಳುವ ತಲೆಗೆ ಅರ್ಥ ತಿಳಿಸಿ ಹೇಳಿದ್ದರೆ ಎಲ್ಲಿಗೆ ಹೋಗುತ್ತಿತ್ತು! ಆದರೆ ತಿಳಿಸಿ ಹೇಳುವ ಕಾಲ ಜನವರಿಯಲ್ಲ. ಅದು ಎರಡೂವರೆ ವರ್ಷದ ಹಿಂದೆ, ಅವಳು ಎಂಟನೇ ತರಗತಿಗೆ ಕಾಲಿಟ್ಟ ಜೂನ್ ತಿಂಗಳಲ್ಲಿ ಇತ್ತು.

ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಇದೊಂದೇ. ಹತ್ತನೆಯ ತರಗತಿಯಲ್ಲಿ ಕಾಣುವ ಸೋಲು ಎಂಟನೆಯ ತರಗತಿಯಲ್ಲಿಯೇ ಆಗಿಹೋಗಿರುತ್ತದೆ. ಇಲಾಖೆಯ ಕಣ್ಣು, ಆದೇಶ, ವಾಹನ, ಎಲ್ಲವೂ ನಮ್ಮ ಶಾಲೆಯ ಕಡೆ ತಿರುಗುವುದು ಹತ್ತನೆಯ ತರಗತಿಗಾಗಿ, ಅದೂ ಚಳಿಗಾಲ ಕಳೆಯುವ ಹೊತ್ತಿಗೆ.

ನಮ್ಮ ಕಡೆ ಪ್ರಾಥಮಿಕ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಸುತ್ತಲಿನ ಹಳ್ಳಿ, ತಾಂಡಾ, ದೊಡ್ಡಿಗಳಿಂದ ಮಕ್ಕಳು ಎಂಟಕ್ಕೆ ಈ ಪಟ್ಟಣದ ಶಾಲೆಗೆ ಬರುತ್ತಾರೆ. ಹೊಸ ಕಟ್ಟಡ, ಹೊಸ ಗುರುಗಳು, ಮೊದಲ ಬಾರಿಗೆ ವಿಷಯಕ್ಕೊಬ್ಬ ಶಿಕ್ಷಕರು. ಈ ಮಕ್ಕಳಲ್ಲಿ ಎಂಥ ಶಕ್ತಿ ಇರುತ್ತದೆ, ಎಂಥ ಕೊರತೆ ಇರುತ್ತದೆ ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ನೋಟ್‌ಬುಕ್ಕುಗಳನ್ನು ಕೊಂಡ. 127 ರೂಪಾಯಿ ಆಯಿತು. 200 ಕೊಟ್ಟು, ನಾನು ಗಲ್ಲೆಯ ಡಬ್ಬಿ ತೆರೆಯುವ ಮೊದಲೇ "73 ಕೊಡಿ" ಎಂದ. ಅವನ ಅಪ್ಪ ಸಂತೆಯಲ್ಲಿ ತರಕಾರಿ ಮಾರುವವನು, ವಾರಕ್ಕೊಮ್ಮೆ ಮಗನೂ ತಕ್ಕಡಿಯ ಪಕ್ಕ ಕೂರುತ್ತಾನೆ. ನಾನು ಅದೇ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಕೊಟ್ಟೆ. ಮೇಲೆ 200, ಕೆಳಗೆ 127. ಸೊನ್ನೆಯ ಕೆಳಗೆ ಏಳಿದೆ ಎಂದು ಏಳನ್ನೇ ಇಳಿಸಿದ, ಸೊನ್ನೆಯ ಕೆಳಗೆ ಎರಡಿದೆ ಎಂದು ಎರಡನ್ನೇ ಇಳಿಸಿದ, ಎರಡರಲ್ಲಿ ಒಂದು ಹೋದರೆ ಒಂದು ಎಂದ. ಉತ್ತರ 127. ಕಳೆದ ಸಂಖ್ಯೆಯೇ ಉತ್ತರವಾಗಿ ಕುಳಿತಿತ್ತು. ಈಗಷ್ಟೇ 73 ಎಂದೆಯಲ್ಲ, ಎರಡರಲ್ಲಿ ಯಾವುದು ಸರಿ ಎಂದು ಕೇಳಿದೆ. ಒಂದಿಷ್ಟೂ ಗೊಂದಲವಿಲ್ಲದೆ ಹೇಳಿದ: "ಎರಡೂ ಸರಿ. ಅದು ಸಂತೆಯ ಲೆಕ್ಕ, ಇದು ಶಾಲೆಯ ಲೆಕ್ಕ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಳು ವರ್ಷ ಶಾಲೆಗೆ ಹೋದ ಮಗು, ಶಾಲೆಯ ಲೆಕ್ಕಕ್ಕೂ ಬದುಕಿನ ಲೆಕ್ಕಕ್ಕೂ ಸಂಬಂಧವೇ ಇಲ್ಲ ಎಂದು ಒಪ್ಪಿಕೊಂಡುಬಿಟ್ಟಿದೆ. ಇಂಥ ಮಗುವಿನ ಮುಂದೆ ಎಂಟನೆಯ ತರಗತಿಯ ಬೀಜಗಣಿತ ಬಂದು ನಿಲ್ಲುತ್ತದೆ. ಸೇತುಬಂಧ ಎಂದು ಜೂನ್‌ನಲ್ಲಿ ಕೆಲವು ದಿನ ಹಿಂದಿನ ಪಾಠಗಳ ಪುನರಾವರ್ತನೆ ಇರುತ್ತದೆ, ನಿಜ. ಅದು ಮುಗಿದ ಕೂಡಲೇ ಪಠ್ಯ ಮುಗಿಸುವ ಓಟ ಶುರು. ಎರಡು ವಾರದಲ್ಲಿ ಕಟ್ಟಿದ ಸೇತುವೆಯ ಮೇಲೆ ಏಳು ವರ್ಷಗಳ ಹಳ್ಳವನ್ನು ದಾಟಬೇಕು ಎಂದರೆ ಹೇಗೆ?

ಹಾಗೆ ದಾಟಿಸಲು ಒಬ್ಬ ಗುರು ಬೇಕಲ್ಲ. ನಮ್ಮ ಶಾಲೆಯಲ್ಲಿ ಗಣಿತದ ಕಾಯಂ ಶಿಕ್ಷಕರು ಎರಡು ವರ್ಷದ ಹಿಂದೆ ವರ್ಗವಾಗಿ ಹೋದರು. ಅವರ ಮನೆಯವರು ಬೇರೆ ಜಿಲ್ಲೆಯಲ್ಲಿದ್ದರು. ಹೋದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಶಾಲೆಯ ಒಳಗಿನವರ ಮಾತಿನಲ್ಲಿ ಹೇಳುವುದಾದರೆ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರ ಹುದ್ದೆ ಖಾಲಿ. ಹುದ್ದೆ ಖಾಲಿಯಾದಾಗ ಸಿಬಿಝಡ್ ಶಿಕ್ಷಕಿ, ಅಂದರೆ ಜೀವಶಾಸ್ತ್ರ ಓದಿ ಬಂದವರು, ಗಣಿತವನ್ನೂ ನೋಡಿಕೊಳ್ಳಬೇಕು. ಆ ತಾಯಿ ಪಾಠದ ಹಿಂದಿನ ರಾತ್ರಿ ತಾವೇ ಲೆಕ್ಕ ಬಿಡಿಸಿ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಕಳೆದ ವರ್ಷ ಅತಿಥಿ ಶಿಕ್ಷಕರೊಬ್ಬರು ಬಂದರು, ಬಂದದ್ದು ಜುಲೈ ಮೂರನೆಯ ವಾರ. ಒಳ್ಳೆಯ ಹುಡುಗ, ಹದಿನೆಂಟು ಕಿಲೋಮೀಟರ್ ದೂರದಿಂದ ಬೈಕಿನಲ್ಲಿ ಬರುತ್ತಿದ್ದ, ಮಕ್ಕಳಿಗೆ ಅಚ್ಚುಮೆಚ್ಚು. 2025-26ರ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಿದಾಗ ಅವನಿಗಾಗಿ ನಾನೂ ಖುಷಿಪಟ್ಟೆ. ಆದರೆ ಏಪ್ರಿಲ್, ಮೇ ತಿಂಗಳಿಗೆ ಅವನಿಗೆ ಸಂಬಳವಿಲ್ಲ, ಮುಂದಿನ ಜೂನ್‌ನಲ್ಲಿ ಕರೆಯುತ್ತಾರೆ ಎಂಬ ಭರವಸೆಯಿಲ್ಲ. ಈಗ ಆತ ಬೆಂಗಳೂರಿನಲ್ಲಿ ಖಾಸಗಿ ಕೆಲಸದಲ್ಲಿದ್ದಾನೆ. ಮಕ್ಕಳು ಮತ್ತೊಬ್ಬರ ದಾರಿ ಕಾಯಬೇಕಾಯಿತು.

ಇನ್ನೊಂದು ಮಾತನ್ನು ತಾವು ನಿಧಾನವಾಗಿ ಕೇಳಬೇಕು. ಅದು ಯಾವ ಫಲಿತಾಂಶದ ಪಟ್ಟಿಯಲ್ಲಿಯೂ ಇರುವುದಿಲ್ಲ. ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಗೆ ಮೂರು ವಿಭಾಗಗಳಿವೆ. ಹತ್ತನೆಯ ತರಗತಿಗೆ ಬರುವಾಗ ಎರಡೇ ಉಳಿಯುತ್ತವೆ. ಒಂದು ವಿಭಾಗದಷ್ಟು ಮಕ್ಕಳು ದಾರಿಯಲ್ಲಿ ಎಲ್ಲಿಗೆ ಹೋದರು?

ನಾನು ಹೇಳುತ್ತೇನೆ. ನವೆಂಬರ್‌ನಲ್ಲಿ ಹತ್ತಿ ಒಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಬಸ್ ನಿಲ್ದಾಣದ ಹತ್ತಿರ ಟಂಟಂಗಳು ಸಾಲಾಗಿ ನಿಲ್ಲುತ್ತವೆ, ಹೆಂಗಸರ ನಡುವೆ ಚಿಕ್ಕ ಕೈಗಳೂ ಏರುತ್ತವೆ. ಹತ್ತಿ ಬಿಡಿಸಲು ಸಣ್ಣ ಬೆರಳು ಚುರುಕು ಎನ್ನುತ್ತಾರೆ. ಹತ್ತಿ ಮುಗಿಯುವ ಹೊತ್ತಿಗೆ ಮೆಣಸಿನಕಾಯಿ ಶುರು. ಹತ್ತನೇ ತರಗತಿಯವರಿಗೆ ಪರೀಕ್ಷೆಯ ತಿಂಗಳು, ಎಂಟು ಒಂಬತ್ತರ ಮಕ್ಕಳಿಗೆ ಮೆಣಸಿನಕಾಯಿಯ ತಿಂಗಳು. ಕಾಲುವೆಯ ನೀರು ಕಾಣದ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಇಡೀ ಕುಟುಂಬ ಗುಳೆ ಹೋಗುತ್ತದೆ, ಬೆಂಗಳೂರಿಗೆ, ಮುಂಬೈಗೆ, ಪುಣೆಗೆ, ಕಟ್ಟಡದ ಕೆಲಸಕ್ಕೆ. ಹೋದವರು ಯುಗಾದಿಗೆ ಬರುತ್ತಾರೆ. ಅಷ್ಟರಲ್ಲಿ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಕೆಂಪಾಗಿರುತ್ತದೆ. ಮತ್ತೆ ಕೆಲವು ಹೆಣ್ಣುಮಕ್ಕಳ ಮದುವೆ ಪತ್ರಿಕೆ ನನ್ನ ಅಂಗಡಿಗೇ ಮುದ್ರಣಕ್ಕೆ ಬರುತ್ತದೆ. ವಯಸ್ಸಿನ ದಾಖಲೆ ನೋಡದೆ ನಾನು ಮುದ್ರಿಸುವುದಿಲ್ಲ, ಹಾಗಾಗಿ ಅವರು ಬೇರೆ ಊರಿನಲ್ಲಿ ಮುದ್ರಿಸಿಕೊಳ್ಳುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ಮಗುವಿನ ಕೈ ಹಿಡಿದಿರುತ್ತದೆ. ಆಮೇಲೆ ಬಿಡುತ್ತದೆ. ಹಾಗೆ ನೋಡಿದರೆ ಎಂಟನೆಯ ತರಗತಿ ಎಂದರೆ ಹೊಸ ಶಾಲೆಯ ಮೊದಲ ವರ್ಷ ಮತ್ತು ಕಾನೂನಿನ ಆಸರೆಯ ಕೊನೆಯ ವರ್ಷ. ಮಗು ಜಾರುವುದು ಸರಿಯಾಗಿ ಆ ಸಂದಿಯಲ್ಲಿ. ಹಿಂದೆ ಎಂಟನೆಯ ತರಗತಿಗೆ ಸೇರಿದ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ನಂತರ ನಿಂತಿತು. ಸೈಕಲ್‌ನ ಗುಣಮಟ್ಟದ ಬಗ್ಗೆ ಎಷ್ಟೋ ಮಾತು ಬಂದವು, ಇರಲಿ. ಮೂರು ಮೈಲಿ ದೂರದ ತಾಂಡಾದ ಹುಡುಗಿಗೆ ಆ ಸೈಕಲ್ ಸಿಕ್ಕ ದಿನ, "ಹತ್ತರವರೆಗೆ ಓದು" ಎಂದು ಸರ್ಕಾರವೇ ಮನೆಗೆ ಬಂದು ಹೇಳಿದಂತೆ ಇತ್ತು.

ಶೇಕಡಾವಾರು ಫಲಿತಾಂಶ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪರೀಕ್ಷೆಗೆ ಕುಳಿತವರನ್ನು ಮಾತ್ರ. ಎಂಟಕ್ಕೆ ಸೇರಿದವರಲ್ಲಿ ಹತ್ತು ಮುಗಿಸಿದವರು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಇದರಿಂದ ಒಂದು ಅನ್ಯಾಯ ನಡೆಯುತ್ತದೆ. ಫಲಿತಾಂಶ ಕಡಿಮೆಯಾದ ಶಾಲೆಯ ಮುಖ್ಯಗುರುಗಳಿಗೆ ನೋಟಿಸ್ ಬರುತ್ತದೆ. ನೋಟಿಸಿಗೆ ಹೆದರಿದ ಶಾಲೆಗೆ, ಓದಿನಲ್ಲಿ ಹಿಂದುಳಿದ ಮಗು ಒಂಬತ್ತರಲ್ಲಿಯೇ ವರ್ಗಾವಣೆ ಪತ್ರ ತೆಗೆದುಕೊಂಡು ಹೋದರೆ ಒಳಗೊಳಗೇ ಹಗುರವೆನಿಸುತ್ತದೆ. ಆ ಮಗುವನ್ನು ಉಳಿಸಿಕೊಂಡು, ಹತ್ತರವರೆಗೆ ತಂದು, ಪರೀಕ್ಷೆಗೆ ಕೂರಿಸಿದ ಮುಖ್ಯಗುರುವಿಗೆ ಶಿಕ್ಷೆ. ಮಗುವನ್ನು ಹತ್ತಿ ಹೊಲಕ್ಕೆ ಬಿಟ್ಟುಕೊಟ್ಟ ಶಾಲೆಗೆ ಹಾರ. ಇದನ್ನು ಸರಿಪಡಿಸುವುದಕ್ಕೆ ಹಣವೇ ಬೇಕಾಗಿಲ್ಲ, ಲೆಕ್ಕದ ರೀತಿ ಬದಲಾದರೆ ಸಾಕು.

ಪಕ್ಕದ ಕಲಬುರಗಿ ಜಿಲ್ಲೆ 2025ರಲ್ಲಿ ಶೇ 42.43 ಪಡೆದು ಕೊನೆಯಾಯಿತು, ದಕ್ಷಿಣ ಕನ್ನಡ 91.12 ಪಡೆದು ಮೊದಲಾಯಿತು. ಪ್ರತಿ ಮೇ ತಿಂಗಳಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನಮ್ಮ ಕಡೆಯ ಮಕ್ಕಳನ್ನು ಅಳೆಯುತ್ತಾರೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು 51.83, ರಾಜ್ಯಕ್ಕೇ ಕಡಿಮೆ. ಅಂದು ಅನಕ್ಷರಸ್ಥರ ಪಟ್ಟಿಯಲ್ಲಿ ಸೇರಿದವರೇ ಇಂದು ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆತಾಯಿ. ಸಂಜೆ ಪುಸ್ತಕ ತೆರೆದ ಮಗುವಿಗೆ ಪಕ್ಕದಲ್ಲಿ ಕುಳಿತು ಒಂದು ಸಾಲು ಓದಿ ಹೇಳುವವರು ಮನೆಯಲ್ಲಿಲ್ಲ. ಅಲ್ಲಿ ಮನೆ ಮಾಡುವ ಅರ್ಧ ಕೆಲಸವನ್ನೂ ಇಲ್ಲಿ ಶಾಲೆಯೇ ಮಾಡಬೇಕು. ಹೆಚ್ಚು ಕೆಲಸ ಇರುವ ಶಾಲೆಗೆ ಹೆಚ್ಚು ಶಿಕ್ಷಕರು ಇರಬೇಕಾಗಿತ್ತು. ನಮ್ಮಲ್ಲಿ ಇರುವ ಹುದ್ದೆಗಳೇ ತುಂಬಿಲ್ಲ.

ಇದು ಹೊಸ ಸಂಗತಿಯೇನಲ್ಲ. 2002ರಲ್ಲಿಯೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರಲ್ಲಿವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಎನ್ನುತ್ತಾರೆ. ನಮ್ಮ ಶಾಲೆಗೂ ಹೊಸ ಕೊಠಡಿಗಳು ಬಂದವು, ಬಣ್ಣ ಬಂತು, ಶೌಚಾಲಯ ಬಂತು. ಒಳ್ಳೆಯದೇ ಆಯಿತು. 2024ರಿಂದ ವಾರದಲ್ಲಿ ಆರು ದಿನ ಮೊಟ್ಟೆ ಬರುತ್ತಿದೆ, ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಮಕ್ಕಳ ಮುಖ ನೋಡಿದರೆ ಕಣ್ಣು ತಂಪಾಗುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಂತಾದ ಮೇಲೆ ದೂರದ ಹಳ್ಳಿಯ ಹುಡುಗಿಯರೂ ಬರುತ್ತಿದ್ದಾರೆ. ಇಷ್ಟೆಲ್ಲ ಮಾಡಿದ ಸರ್ಕಾರಕ್ಕೆ, ಕಟ್ಟಿದ ಕೊಠಡಿಯೊಳಗೆ ಒಬ್ಬ ಗಣಿತದ ಗುರುವನ್ನು ಜೂನ್ ಒಂದರಂದು ನಿಲ್ಲಿಸುವುದು ಆಗದ ಕೆಲಸವೇ?

ಹಾಗಾದರೆ ನಾನು ಕೇಳುವುದೇನು? ಮೊದಲನೆಯದಾಗಿ ಆ ಗುರುವನ್ನೇ ಕೇಳುತ್ತೇನೆ. ಕಾಯಂ ನೇಮಕಾತಿಗೆ ಕಾಲ ಹಿಡಿಯುತ್ತದೆ ಎಂದರೆ ಒಪ್ಪುತ್ತೇನೆ, ಆದರೆ ಅಲ್ಲಿಯವರೆಗೆ ಅತಿಥಿ ಶಿಕ್ಷಕರ ಆದೇಶ ಮೇ ತಿಂಗಳಿನಲ್ಲಿಯೇ ಹೊರಡಲಿ, ಚೆನ್ನಾಗಿ ಕಲಿಸಿದವರು ಮರುವರ್ಷ ಅದೇ ಶಾಲೆಗೆ ಬರುವಂತಾಗಲಿ, ಹನ್ನೆರಡು ತಿಂಗಳೂ ಅವರ ಮನೆಯ ಒಲೆ ಉರಿಯಲಿ. ಎಂಟನೆಯ ತರಗತಿಯ ಮೊದಲ ಮೂರು ತಿಂಗಳು ಪಠ್ಯದ ಓಟ ನಿಲ್ಲಲಿ. ಓದುವುದು, ಬರೆಯುವುದು, ನಾಲ್ಕು ಮೂಲಕ್ರಿಯೆ, ಭಿನ್ನರಾಶಿ, ಶೇಕಡಾ, ಇಷ್ಟೇ ನಡೆಯಲಿ. ಸಂತೆಯ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ಎಂದು ಆ ಹುಡುಗನಿಗೆ ತಿಳಿದ ಮೇಲೆ ಬೀಜಗಣಿತ ತಾನಾಗಿ ಹತ್ತುತ್ತದೆ. ಗುಳೆ ಹೋಗುವ ಮನೆಯ ಮಕ್ಕಳಿಗೆ ನವೆಂಬರ್‌ಗಿಂತ ಮೊದಲೇ ಹಾಸ್ಟೆಲಿನಲ್ಲಿ ಜಾಗ ಸಿಗಬೇಕು. ಅರ್ಜಿ ಹಾಕಿ ಡಿಸೆಂಬರ್‌ವರೆಗೆ ಕಾಯಿರಿ ಎಂದರೆ ಅಷ್ಟರಲ್ಲಿ ಮಗು ಪುಣೆಯಲ್ಲಿರುತ್ತದೆ. ಇನ್ನು ಫಲಿತಾಂಶ ಪ್ರಕಟಿಸುವ ದಿನ ಶೇಕಡಾವಾರಿನ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಪ್ರಕಟಿಸಿ. ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರಲ್ಲಿ ಇಂದು ಪಾಸಾದವರು ಎಷ್ಟು ಎಂದು, ಜಿಲ್ಲೆವಾರು, ಶಾಲಾವಾರು. ಮುಖ್ಯಗುರುಗಳಿಗೆ ನೋಟಿಸ್ ಕೊಡಲೇಬೇಕು ಎಂದಾದರೆ ಆ ಅಂಕಿ ನೋಡಿ ಕೊಡಿ. ಜೊತೆಗೆ ಖಾಲಿ ಹುದ್ದೆಯನ್ನು ಎಷ್ಟು ತಿಂಗಳು ಖಾಲಿ ಇಟ್ಟಿದ್ದೆವು ಎಂದು ಮೇಲಿನವರೂ ಉತ್ತರ ಬರೆಯಲಿ.

ನಮ್ಮೂರಿನ ಹಿರಿಯರಿಗೂ ಇದೇ ಪತ್ರದಲ್ಲಿ ಎರಡು ಮಾತು ಹೇಳಬೇಕು. ಕೈಯಲ್ಲಿ ನಾಲ್ಕು ಕಾಸು ಆದವರೆಲ್ಲ ಮಕ್ಕಳನ್ನು ಹಳದಿ ಬಸ್ಸಿಗೆ ಹತ್ತಿಸಿ ಖಾಸಗಿ ಶಾಲೆಗೆ ಕಳಿಸಿದರು. ಅದು ಅವರವರ ಇಷ್ಟ. ಆದರೆ ಆ ಮಕ್ಕಳು ಬಿಟ್ಟುಹೋದ ಶಾಲೆಯ ಪರವಾಗಿ ಮಾತನಾಡುವ ಬಾಯಿಗಳೂ ಅವರೊಂದಿಗೆ ಹೊರಟುಹೋದವು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಸಭೆಗೆ ಬರುವ ಪಾಲಕರಲ್ಲಿ ಹೆಚ್ಚಿನವರು ಕೂಲಿಯವರು, ಒಂದು ದಿನದ ಕೂಲಿ ಬಿಟ್ಟು ಬಂದು ಹಿಂದೆ ಗೋಡೆಗೆ ಒರಗಿ ಕೂರುತ್ತಾರೆ, ಮುಂದಿಟ್ಟ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಾರೆ. ವ್ಯಾಪಾರಿಗಳು, ವಕೀಲರು, ನಿವೃತ್ತ ನೌಕರರು, ಈ ಶಾಲೆಯಲ್ಲಿಯೇ ಓದಿ ಮೇಲೆ ಬಂದ ನಾವು ಆ ಸಭೆಗೆ ಹೋಗಿ ಅವರ ಪಕ್ಕ ಕೂರಬೇಕು. ತೊಗರಿ ಧಾರಣೆ ಬಿದ್ದಾಗ ರಸ್ತೆಗೆ ಇಳಿಯುತ್ತೇವೆ, ಕಾಲುವೆಗೆ ನೀರು ಬಿಡದಿದ್ದಾಗ ಬಂದ್ ಮಾಡುತ್ತೇವೆ. ಎರಡು ವರ್ಷ ಗಣಿತದ ಗುರುಗಳಿಲ್ಲ ಎಂದು ನಮ್ಮೂರಿನಲ್ಲಿ ಒಂದು ಅಂಗಡಿಯೂ ಬಾಗಿಲು ಹಾಕಲಿಲ್ಲ, ನನ್ನದೂ ಸೇರಿ. ಟಂಟಂ ನಡೆಸುವ ಸಹೋದರರೇ, ಹೊಲದ ಯಜಮಾನರೇ, ಶಾಲೆಯ ದಿನ ಮಕ್ಕಳನ್ನು ಕೂಲಿಗೆ ಹತ್ತಿಸಿಕೊಳ್ಳುವುದಿಲ್ಲ ಎಂದು ನೀವು ಒಂದು ಮಾತು ಕೊಟ್ಟರೆ ಅದು ಹತ್ತು ಸುತ್ತೋಲೆಗೆ ಸಮ.

ನನ್ನ ಅಂಗಡಿಯ ಮೇಲೆ ಒಂದು ಕೋಣೆ ಇದೆ. ಡಿಸೆಂಬರ್‌ನಿಂದ ಸಂಜೆ ಆರರಿಂದ ಏಳೂವರೆವರೆಗೆ ಎಂಟನೆಯ ತರಗತಿಯ ಕೆಲವು ಮಕ್ಕಳು ಅಲ್ಲಿ ಕೂರುತ್ತಿದ್ದಾರೆ. ಬ್ಯಾಂಕಿನ ಒಬ್ಬ ಉದ್ಯೋಗಿ, ನಿವೃತ್ತರಾದ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ ಬಂದು ಕಲಿಸುತ್ತಾರೆ. ಸಂತೆಯ ಲೆಕ್ಕದ ಹುಡುಗನೂ ಬರುತ್ತಾನೆ. ಐವತ್ತು, ಹತ್ತು, ಒಂದರ ಚೂರು ಕಾಗದಗಳನ್ನು ನೋಟುಗಳಂತೆ ಹರಡಿ, ಒಂದು ಹತ್ತನ್ನು ಚಿಲ್ಲರೆ ಮಾಡಿಸಿಕೊಂಡು ಕಳೆಯುವುದನ್ನು ಆ ಶಿಕ್ಷಕಿ ತೋರಿಸಿದರು. ಎರಡನೆಯ ವಾರ 200ರಲ್ಲಿ 127 ಕಳೆದು ಹಾಳೆಯ ಮೇಲೆ 73 ಬರೆದ. ಬರೆದು ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದ. ಎರಡು ವಾರ ಸಾಕಾಯಿತು, ಸಚಿವರೇ. ಆದರೆ ನನ್ನ ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಮಾತ್ರ ಜಾಗ ಇದೆ. ಶಾಲೆಯಲ್ಲಿ ಮೂರು ವಿಭಾಗಗಳಿವೆ.

ಮಾರ್ಚ್‌ನಲ್ಲಿ ಪರೀಕ್ಷಾ ಕೇಂದ್ರಗಳ ವೀಕ್ಷಣೆಗೆ ತಾವು ಜಿಲ್ಲೆಗೆ ಬರಬಹುದು, ಗುಲಾಬಿ ಕೊಟ್ಟು ಮಕ್ಕಳನ್ನು ಸ್ವಾಗತಿಸುವ ಫೋಟೊ ಪತ್ರಿಕೆಯಲ್ಲಿ ಬರಬಹುದು. ಅಂದು ನನ್ನ ಅಂಗಡಿ ಮುಚ್ಚಿರುತ್ತದೆ, ಭೇಟಿಯಾಗಲಾರೆ. ದಯವಿಟ್ಟು ಜೂನ್‌ನಲ್ಲಿ ಬನ್ನಿ. ಮೊದಲ ಸೋಮವಾರ ಬಂದರೆ ಒಳ್ಳೆಯದು, ಅಂದು ಊರಿನ ಸಂತೆಯೂ ಇರುತ್ತದೆ. ಮುಂಚೆ ಹೇಳಿ ಬರಬೇಡಿ, ತೋರಣ ಕಟ್ಟಿಸಬೇಡಿ. ಗೇಟಿನಿಂದ ಎಡಕ್ಕೆ ತಿರುಗಿದರೆ ಬೇವಿನ ಮರದ ಹಿಂದೆ ಎಂಟನೆಯ ತರಗತಿಯ ಕೊಠಡಿಗಳು. ವೇಳಾಪಟ್ಟಿಯಲ್ಲಿ ಎರಡನೆಯ ಅವಧಿ ಗಣಿತದ್ದು. ಯಾವುದಾದರೂ ಒಂದು ಕೊಠಡಿಯ ಹಿಂದಿನ ಬೆಂಚಿನಲ್ಲಿ ಆ ನಲವತ್ತು ನಿಮಿಷ ಕುಳಿತುಕೊಳ್ಳಿ.

ಬರುವ ದಾರಿ ಕಾಯುತ್ತಿರುತ್ತೇನೆ.

ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ, ಒಬ್ಬ ಪಾಲಕ